ಜೋಡಿ ಹೆಬ್ಬೆರಳಿನ ಪ್ರಕರಣ: ಅನುಮಾನ ಒಂದು ಜೀನ್ ಮೇಲೆ, ದೋಷ ಇನ್ನೊಂದರ ಸ್ವಿಚ್‌ನಲ್ಲಿ

ಹೆಬ್ಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳು ಇಟ್ಟುಕೊಂಡು ಹುಟ್ಟುವ ಮಕ್ಕಳಿರುತ್ತಾರೆ. ಹಿಂದಿ ಸಿನಿಮಾದ ದೊಡ್ಡ ನಾಯಕನಟರೊಬ್ಬರ ಬಲಗೈಯಲ್ಲೂ ಜೋಡಿ ಹೆಬ್ಬೆರಳಿದೆ. ನಮ್ಮ ಕಡೆ ಕೆಲವರು ಇದನ್ನು ಅದೃಷ್ಟ ಅನ್ನುತ್ತಾರೆ. ಕೆಲವರು ಗ್ರಹಣದ ಮಾತು ತೆಗೆಯುತ್ತಾರೆ. ಇನ್ನು ಕೆಲವರು ‘ಸೋದರಮಾವನಿಗೆ ಕೊಟ್ಟಿದ್ದಕ್ಕೆ ಹೀಗಾಯ್ತು’ ಅಂತ ಸುಮ್ನೆ ತಾಯಿಯ ಮೇಲೆ ಹಾಕಿಬಿಡುತ್ತಾರೆ. ನಿಜವಾದ ಕಾರಣ ಹುಡುಕಲು ಹೊರಟ ವಿಜ್ಞಾನಿಗಳು ಕೂಡ ಮೊದಲು ಅನುಮಾನಪಟ್ಟದ್ದು ತಪ್ಪು ಜೀನನ್ನೇ. ಆ ಅನುಮಾನ ಹೇಗೆ ಹುಟ್ಟಿತು, ಒಂದು ಇಲಿತಳಿ ಅದನ್ನು ಹೇಗೆ ತಿರುಗಿಸಿತು ಅನ್ನುವುದೇ ಈ ಪ್ರಕರಣ.

ಪ್ರಕರಣದ ನಡುವೆ ಇರುವವರು ಒಬ್ಬ ರೋಗಿ. ಅವರ ಗುರುತು ಯಾವುದೂ ನಮಗೆ ಬೇಕಿಲ್ಲ. ಬೇಕಿರುವುದು ಎರಡೇ ಸಂಗತಿ. ಅವರಿಗೆ ಹೆಬ್ಬೆರಳಿನ ಕಡೆ ಹೆಚ್ಚಿನ ಬೆರಳಿತ್ತು. ಅವರ 5ನೇ ಮತ್ತು 7ನೇ ಕ್ರೋಮೋಸೋಮುಗಳು ತುಂಡಾಗಿ, ತುದಿಗಳು ಅದಲುಬದಲಾಗಿ ಅಂಟಿಕೊಂಡಿದ್ದವು. ಈ ಅದಲುಬದಲು ತಂದೆಯಿಂದಲೋ ತಾಯಿಯಿಂದಲೋ ಬಂದದ್ದಲ್ಲ, ಅವರಲ್ಲೇ ಹೊಸದಾಗಿ ಆದದ್ದು.

ಅದಕ್ಕೂ ಮೊದಲು ಗೊತ್ತಿದ್ದದ್ದು

ಕೈ ಅನ್ನುವುದು ಭ್ರೂಣದಲ್ಲಿ ಮೊದಲು ಒಂದು ಸಣ್ಣ ಮೊಗ್ಗು. ಅದರಲ್ಲಿ ಹೆಬ್ಬೆರಳು ಯಾವ ಕಡೆ, ಕಿರುಬೆರಳು ಯಾವ ಕಡೆ ಅಂತ ತೀರ್ಮಾನ ಆಗಬೇಕು. 1968ರಲ್ಲಿ ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ ಕೋಳಿಮರಿಯ ಭ್ರೂಣದ ಮೇಲೆ ಒಂದು ಪ್ರಯೋಗದ ವರದಿ ಕೊಟ್ಟರು. ರೆಕ್ಕೆಯ ಮೊಗ್ಗಿನ ಹಿಂಬದಿಯಿಂದ, ಅಂದರೆ ನಮ್ಮ ಕೈಯ ಲೆಕ್ಕದಲ್ಲಿ ಕಿರುಬೆರಳಿನ ಕಡೆಯಿಂದ, ಒಂದು ಚೂರು ಅಂಗಾಂಶ ತೆಗೆದು ಮುಂಬದಿಗೆ ನೆಟ್ಟರು. ರೆಕ್ಕೆಯ ಬೆರಳುಗಳು ಕನ್ನಡಿಯಲ್ಲಿ ಕಂಡ ಹಾಗೆ ಎರಡೂ ಕಡೆ ಮೂಡಿದವು. ಆ ಚೂರಿನಿಂದ ಏನೋ ಒಂದು ಹೊರಡುತ್ತಿದೆ, ಅದು ಬೆರಳುಗಳ ಲೆಕ್ಕ ಇಡುತ್ತಿದೆ ಅನ್ನುವುದು ಸ್ಪಷ್ಟವಾಯಿತು. ಏನದು ಅಂತ ತಿಳಿಯಲು ಮತ್ತೆ 25 ವರ್ಷ ಹಿಡಿಯಿತು. 1993ರಲ್ಲಿ ಕ್ಲಿಫರ್ಡ್ ಟ್ಯಾಬಿನ್ ಅವರ ತಂಡ ಅದು ಸಾನಿಕ್ ಹೆಡ್ಜ್‌ಹಾಗ್ ಅನ್ನುವ ಜೀನ್ ತಯಾರಿಸುವ ಪ್ರೋಟೀನ್ ಅಂತ ತೋರಿಸಿತು. ಹೌದು, ವಿಡಿಯೋ ಗೇಮಿನ ಆ ನೀಲಿ ಮುಳ್ಳುಹಂದಿಯ ಹೆಸರೇ. ಮುಂದೆ ಇದನ್ನು ‘ಸಾನಿಕ್’ ಅಂತಷ್ಟೇ ಕರೆಯುತ್ತೇನೆ.

ಸಾನಿಕ್ ಬರೀ ಕೈಕಾಲಿನ ಜೀನ್ ಅಲ್ಲ. ಮಿದುಳು, ಬೆನ್ನುಹುರಿ, ಮುಖ, ಕರುಳು, ಎಲ್ಲದರ ಬೆಳವಣಿಗೆಗೂ ಅದು ಬೇಕು. 1996ರಲ್ಲಿ ಇಲಿಗಳಲ್ಲಿ ಈ ಜೀನನ್ನು ಪೂರ್ತಿ ಕೆಡಿಸಿ ನೋಡಿದರು. ಮಿದುಳು ಎರಡು ಭಾಗವಾಗಲಿಲ್ಲ, ಮುಖದ ನಡುವೆ ಒಂಟಿ ಕಣ್ಣಿನಂಥ ರಚನೆ, ಬೆನ್ನುಮೂಳೆ ಅಸ್ತವ್ಯಸ್ತ. ಅಂಥ ಮರಿಗಳು ಬದುಕುವುದಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಸಾನಿಕ್ ಜೀನೇ ಕೆಟ್ಟಿದ್ದರೆ, ಉಳಿದೆಲ್ಲ ಸರಿಯಿದ್ದು ಹೆಬ್ಬೆರಳು ಮಾತ್ರ ಎರಡಾಗುವುದನ್ನು ನಂಬುವುದು ಕಷ್ಟ.

ಇತ್ತ ಮನುಷ್ಯರ ಕಡೆಯ ಕೆಲಸ ಬೇರೆ ದಾರಿಯಲ್ಲಿ ಸಾಗಿತ್ತು. ಕೆಲವು ದೊಡ್ಡ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೆಬ್ಬೆರಳಿನ ತೊಂದರೆ ಬರುತ್ತಿತ್ತು. ಕೆಲವರಿಗೆ ಜೋಡಿ ಹೆಬ್ಬೆರಳು. ಕೆಲವರಿಗೆ ಹೆಬ್ಬೆರಳಿನಲ್ಲಿ ಎರಡರ ಬದಲು ಮೂರು ಗೆಣ್ಣು, ಹಾಗಾಗಿ ಅದು ಉಳಿದ ಬೆರಳುಗಳ ಹಾಗೆಯೇ ಉದ್ದ. 1994ರಲ್ಲಿ ಇಂಥ ಕುಟುಂಬಗಳ ಡಿಎನ್‌ಎ ಹೋಲಿಸಿ, ದೋಷ 7ನೇ ಕ್ರೋಮೋಸೋಮಿನ ಉದ್ದ ತೋಳಿನ ತುದಿಯ ಹತ್ತಿರ, ತಜ್ಞರು 7ಕ್ಯೂ36 ಅನ್ನುವ ಜಾಗದಲ್ಲಿ ಇದೆ ಅಂತ ಕಂಡುಕೊಂಡರು. ಸಾನಿಕ್ ಇರುವುದೂ ಅದೇ ಜಾಗದ ಹತ್ತಿರ. ಆದರೆ ದೋಷ ಇರುವ ಭಾಗವನ್ನು ಕಿರಿದು ಮಾಡುತ್ತಾ ಹೋದ ಹಾಗೆ ಸಾನಿಕ್ ಅದರ ಹೊರಗೆ ಉಳಿಯಿತು. ಹಾಗಾಗಿ ಪಟ್ಟಿಯಿಂದ ಅದನ್ನು ತೆಗೆದುಬಿಟ್ಟರು. ಆ ಕಾಲದ ತರ್ಕಕ್ಕೆ ಇದು ತಪ್ಪೇನಲ್ಲ.

ಅನುಮಾನ ಎಲ್ಲಿ ಬಿತ್ತು

ನಮ್ಮ ರೋಗಿಯ 7ನೇ ಕ್ರೋಮೋಸೋಮ್ ಎಲ್ಲಿ ತುಂಡಾಗಿದೆ ಅಂತ ಹುಡುಕಿದಾಗ ಸಿಕ್ಕದ್ದು ಎಲ್‌ಎಂಬಿಆರ್1 ಅನ್ನುವ ಜೀನ್. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದರ 5ನೇ ಇಂಟ್ರಾನ್. ಜೀನ್ ಒಳಗೆ ಇದ್ದರೂ ಪ್ರೋಟೀನಿನ ಸೂಚನೆಯಲ್ಲಿ ಸೇರದ, ನಡುವೆ ಕತ್ತರಿಸಿ ಬಿಸಾಡುವ ಭಾಗಕ್ಕೆ ಇಂಟ್ರಾನ್ ಅನ್ನುತ್ತಾರೆ.

ಜೀನ್ ತುಂಡಾಗಿದೆ, ರೋಗಿಗೆ ತೊಂದರೆ ಇದೆ. ಆ ಜೀನೇ ಕಾರಣ ಅಂದುಕೊಳ್ಳುವುದು ಸಹಜ ಅಲ್ವಾ? ಬೇರೆ ಸಾಕ್ಷಿಗಳೂ ಅದಕ್ಕೆ ಪೂರಕವಾಗಿಯೇ ಬಂದಿದ್ದವು. ಹೆಮಿಮೆಲಿಕ್ ಎಕ್ಸ್‌ಟ್ರಾ ಟೋಸ್ ಅನ್ನುವ ಹಳೆಯ ಇಲಿತಳಿಯೊಂದಿದೆ. ಅದಕ್ಕೆ ಹೆಬ್ಬೆರಳಿನ ಕಡೆ ಹೆಚ್ಚು ಬೆರಳು. ಅದರ ಕೈಕಾಲು ಮೊಗ್ಗಿನಲ್ಲಿ ಎಲ್‌ಎಂಬಿಆರ್1 ಕೆಲಸ ಮಾಡುವ ರೀತಿ ಬದಲಾಗಿದೆ ಅಂತ 2000ದಲ್ಲಿ ವರದಿ ಬಂತು. ಮರುವರ್ಷ ಬ್ರೆಜಿಲ್‌ನಿಂದ ಇನ್ನೊಂದು ಸುದ್ದಿ. ಅಲ್ಲಿನ ಕೆಲವು ಕುಟುಂಬಗಳಲ್ಲಿ ಕೈಪಾದಗಳೇ ಇಲ್ಲದೆ ಹುಟ್ಟುವ ಅಪರೂಪದ ಸ್ಥಿತಿ ಇದೆ. ಅವರಲ್ಲೂ ಎಲ್‌ಎಂಬಿಆರ್1ರ ಒಂದು ತುಂಡು ಇರಲಿಲ್ಲ. ಒಂದು ಕಡೆ ಬೆರಳು ಜಾಸ್ತಿ, ಇನ್ನೊಂದು ಕಡೆ ಕೈಯೇ ಇಲ್ಲ, ಎರಡೂ ಕಡೆ ಅದೇ ಜೀನ್. ಇದಕ್ಕಿಂತ ಬಲವಾದ ಪ್ರಕರಣ ಬೇಕೆ?

ಎಡಿನ್‌ಬರೋದ ಎಂಆರ್‌ಸಿ ಹ್ಯೂಮನ್ ಜೆನೆಟಿಕ್ಸ್ ಯೂನಿಟ್‌ನಲ್ಲಿ ರಾಬರ್ಟ್ ಹಿಲ್ ಮತ್ತು ಲಾರಾ ಲೆಟಿಸ್ ಅವರ ತಂಡಕ್ಕೆ ಮಾತ್ರ ಇಷ್ಟಕ್ಕೇ ಮುಗಿಸುವ ಮನಸ್ಸಿರಲಿಲ್ಲ. ಕಾರಣ ಅವರ ಕೈಯಲ್ಲಿದ್ದ ಒಂದು ಇಲಿ.

ಸ್ಯಾಸ್ಕ್ವಾಚ್

ಸ್ಯಾಸ್ಕ್ವಾಚ್ ಅಂದರೆ ಉತ್ತರ ಅಮೆರಿಕದ ಜನಪದ ಕಥೆಗಳಲ್ಲಿ ಬರುವ ದೊಡ್ಡ ಪಾದದ ಕಾಡುಮನುಷ್ಯ. ಆ ಹೆಸರಿಟ್ಟ ಇಲಿತಳಿ ಹುಟ್ಟಿದ್ದು ಆಕಸ್ಮಿಕವಾಗಿ. ಬೇರೆ ಯಾವುದೋ ಪ್ರಯೋಗಕ್ಕಾಗಿ ಇಲಿಯ ಜೀನೋಮಿಗೆ ಹೊರಗಿನ ಡಿಎನ್‌ಎ ಸೇರಿಸಿದ್ದರು. ಅದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಆಗ ಯಾರ ಹತೋಟಿಯಲ್ಲೂ ಇರಲಿಲ್ಲ. ಕೂತ ಜಾಗದಿಂದಾಗಿ ಮರಿಗಳಿಗೆ ಹೆಚ್ಚಿನ ಬೆರಳು ಬಂದವು. 1999ರಲ್ಲಿ ಈ ತಳಿಯ ಭ್ರೂಣಗಳನ್ನು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಸಾಮಾನ್ಯವಾಗಿ ಕಿರುಬೆರಳಿನ ಕಡೆ ಮಾತ್ರ ತೋರುವ ಸಾನಿಕ್, ಇವುಗಳಲ್ಲಿ ಹೆಬ್ಬೆರಳಿನ ಕಡೆಯೂ ತೋರಿತು. ಕೋಳಿಮರಿಯಲ್ಲಿ ಚಾಕು ಹಿಡಿದು ಮಾಡಿದ್ದು ಇಲ್ಲಿ ಜೀನೋಮಿನ ಏರುಪೇರಿನಿಂದಲೇ ಆಗಿತ್ತು.

ಹೊರಗಿನ ಡಿಎನ್‌ಎ ಹೋಗಿ ಕೂತಿದ್ದು ಎಲ್ಲಿ? ಇಲಿಯ ಎಲ್‌ಎಂಬಿಆರ್1ರಲ್ಲಿ, ಅದೂ 5ನೇ ಇಂಟ್ರಾನ್‌ನಲ್ಲೇ. ರೋಗಿಯ ಕ್ರೋಮೋಸೋಮ್ ತುಂಡಾದ ಅದೇ ಇಂಟ್ರಾನ್.

ಈಗ ಎರಡು ದಾರಿಗಳಿದ್ದವು. ಒಂದು, ಎಲ್‌ಎಂಬಿಆರ್1 ಕೆಟ್ಟು, ಅದರ ಪ್ರೋಟೀನಿನ ಕೊರತೆಯಿಂದ ಸಾನಿಕ್ ದಾರಿತಪ್ಪಿತು. ಎರಡು, ಎಲ್‌ಎಂಬಿಆರ್1ಗೂ ಇದಕ್ಕೂ ಸಂಬಂಧವೇ ಇಲ್ಲ. ಆ ಇಂಟ್ರಾನಿನೊಳಗೆ ಸಾನಿಕ್‌ನ ಸ್ವಿಚ್ ಇದೆ, ಅಂದರೆ ಆ ಜೀನ್ ಎಲ್ಲಿ, ಯಾವಾಗ ಕೆಲಸ ಮಾಡಬೇಕು ಅಂತ ತೀರ್ಮಾನಿಸುವ ಡಿಎನ್‌ಎ ತುಂಡು, ಕೆಟ್ಟಿದ್ದು ಅದು. ಎರಡನೆಯದು ಆಗ ಕೇಳಲು ವಿಚಿತ್ರವಾಗಿತ್ತು. ಯಾಕೆಂದರೆ ಅಲ್ಲಿಂದ ಸಾನಿಕ್ ಇರುವ ಜಾಗಕ್ಕೆ ಸುಮಾರು 10 ಲಕ್ಷ ಡಿಎನ್‌ಎ ಅಕ್ಷರಗಳ ದೂರ. ಸಾನಿಕ್ ಜೀನಿನ ಉದ್ದವೇ ಹತ್ತು ಸಾವಿರದ ಆಸುಪಾಸು.

ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನಾನು ಹೊಲದ ಪಂಪ್‌ಸೆಟ್ಟನ್ನು ನೆನಪಿಸುತ್ತೇನೆ. ಬೋರ್‌ವೆಲ್ ನಮ್ಮ ಹೊಲದಲ್ಲಿ, ಅದರ ಸ್ಟಾರ್ಟರ್ ಪೆಟ್ಟಿಗೆ ಮಾತ್ರ ಲೈನು ಹತ್ತಿರ ಅಂತ ದಾಯಾದಿಯ ಪಂಪ್‌ಹೌಸಿನ ಗೋಡೆಯಲ್ಲಿ. ಆ ಗೋಡೆ ಕುಸಿದರೆ ನೀರು ನಿಲ್ಲುವುದು ನಮ್ಮ ಹೊಲದಲ್ಲಿ.

ತಿರುವು: ಒಂದೇ ಎಳೆಯೋ, ಎದುರು ಎಳೆಯೋ

ಎರಡು ದಾರಿಗಳಲ್ಲಿ ಯಾವುದು ಸರಿ ಅಂತ ತೀರ್ಮಾನಿಸಲು ತಂಡ ಆರಿಸಿಕೊಂಡ ಪರೀಕ್ಷೆ ಹಳೆಯ ಕಾಲದ ತಳಿಶಾಸ್ತ್ರದ್ದು. ಹೊಸ ಯಂತ್ರವೇನೂ ಬೇಡ. ಇಲಿಗಳನ್ನು ಕೂಡಿಸಬೇಕು, ಮರಿಗಳ ಬೆರಳು ಎಣಿಸಬೇಕು. ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದು, ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ.

ಪ್ರತಿ ಇಲಿಗೂ ಈ ಕ್ರೋಮೋಸೋಮಿನ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಒಂದು ಪ್ರತಿಯಲ್ಲಿ ಸ್ಯಾಸ್ಕ್ವಾಚ್ ದೋಷ ಇದೆ ಅಂದುಕೊಳ್ಳಿ. ಈಗ ಸಾನಿಕ್ ಜೀನನ್ನೂ ಒಂದು ಪ್ರತಿಯಲ್ಲಿ ಕೆಡಿಸೋಣ. ಕೆಡಿಸುವುದು ಯಾವ ಪ್ರತಿಯಲ್ಲಿ?

ಮೊದಲ ಜೋಡಣೆಯಲ್ಲಿ ಎದುರು ಪ್ರತಿಯಲ್ಲಿ ಕೆಡಿಸಿದರು. ಸ್ಯಾಸ್ಕ್ವಾಚ್ ದೋಷ ಒಂದು ಎಳೆಯಲ್ಲಿ, ಕೆಟ್ಟ ಸಾನಿಕ್ ಇನ್ನೊಂದು ಎಳೆಯಲ್ಲಿ. ಎರಡನೆಯ ಜೋಡಣೆಯಲ್ಲಿ ಎರಡೂ ಒಂದೇ ಎಳೆಯಲ್ಲಿ, ಇನ್ನೊಂದು ಎಳೆ ಪೂರ್ತಿ ಆರೋಗ್ಯವಾಗಿ. ಎರಡೂ ಬಗೆಯ ಇಲಿಗಳಲ್ಲಿ ಲೆಕ್ಕ ಒಂದೇ ಅನ್ನುವುದನ್ನು ಗಮನಿಸಿ. ಕೆಲಸ ಮಾಡುವ ಸಾನಿಕ್ ಒಂದು ಪ್ರತಿ, ದೋಷವಿರುವ ಎಲ್‌ಎಂಬಿಆರ್1 ಒಂದು ಪ್ರತಿ. ಎಲ್‌ಎಂಬಿಆರ್1 ಪ್ರೋಟೀನಿನ ಕೊರತೆಯೇ ಕಾರಣವಾಗಿದ್ದರೆ ಎರಡೂ ಬಗೆಯ ಇಲಿಗಳಿಗೂ ಹೆಚ್ಚಿನ ಬೆರಳು ಬರಬೇಕು. ಪ್ರೋಟೀನಿಗೆ ಯಾವ ಎಳೆ ಅನ್ನುವ ಹಂಗಿಲ್ಲ, ಅದು ಜೀವಕೋಶದಲ್ಲಿ ಎಲ್ಲಿ ಬೇಕಾದರೂ ಓಡಾಡುತ್ತದೆ. ಆದರೆ ದೋಷ ಇರುವುದು ಸ್ವಿಚ್‌ನಲ್ಲಾದರೆ, ಅದು ತನ್ನದೇ ಎಳೆಯ ಸಾನಿಕ್ಕನ್ನು ಮಾತ್ರ ಆಡಿಸಬಲ್ಲದು. ಆ ಎಳೆಯ ಸಾನಿಕ್ ಸತ್ತಿದ್ದರೆ ಸ್ವಿಚ್ ಎಷ್ಟು ಕೆಟ್ಟಿದ್ದರೂ ಏನೂ ಆಗಬಾರದು.

ಎರಡನೆಯ ಬಗೆಯ ಇಲಿ ಪಡೆಯುವುದೇ ಕಷ್ಟದ ಕೆಲಸ. ಎರಡು ದೋಷಗಳೂ ಒಂದೇ ಎಳೆಗೆ ಬರಬೇಕೆಂದರೆ, ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಎರಡು ಪ್ರತಿಗಳು ಸರಿಯಾಗಿ ಆ 10 ಲಕ್ಷ ಅಕ್ಷರಗಳ ನಡುವೆಯೇ ಅದಲುಬದಲಾಗಬೇಕು. ಅಷ್ಟು ಸಣ್ಣ ಅಂತರದಲ್ಲಿ ಹಾಗಾಗುವುದು ಅಪರೂಪ. ಮರಿಗಳ ಮೇಲೆ ಮರಿಗಳನ್ನು ಪರೀಕ್ಷಿಸುತ್ತಾ ಕಾಯಬೇಕು. ಬಹಳಷ್ಟು ಕಡೆ ಈ ಹಂತದಲ್ಲೇ ‘ಇಷ್ಟು ಸಾಕು, ಇರುವ ಸಾಕ್ಷಿಯನ್ನೇ ಪ್ರಕಟಿಸೋಣ’ ಅನ್ನುವ ಮಾತು ಬರುತ್ತದೆ. ಅವರು ಕಾದರು.

ಫಲಿತಾಂಶದಲ್ಲಿ ಗೊಂದಲ ಇರಲಿಲ್ಲ. ದೋಷಗಳು ಎದುರು ಎಳೆಗಳಲ್ಲಿ ಇದ್ದಾಗ ಹೆಚ್ಚಿನ ಬೆರಳು ಬಂದವು. ಒಂದೇ ಎಳೆಯಲ್ಲಿ ಇದ್ದಾಗ ಬರಲಿಲ್ಲ. ಎಲ್‌ಎಂಬಿಆರ್1 ಆ ಜಾಗದಲ್ಲಿ ಇದ್ದದ್ದು ಬರೀ ಕಾಕತಾಳೀಯ. 2002ರಲ್ಲಿ ರೋಗಿಯ ವಿವರವನ್ನೂ ಇಲಿಯ ವಿವರವನ್ನೂ ಒಟ್ಟಿಗೆ ಇಟ್ಟು ಪ್ರಕಟಿಸಿದರು. ರೋಗಿಯೊಬ್ಬರಿಂದಲೇ ಈ ತೀರ್ಮಾನಕ್ಕೆ ಬರಲು ಸಾಧ್ಯವೇ ಇರಲಿಲ್ಲ. ಮನುಷ್ಯರನ್ನು ಬೇಕಾದ ಹಾಗೆ ಜೋಡಿ ಮಾಡಿ ಮಕ್ಕಳ ಬೆರಳು ಎಣಿಸಲು ಆಗುವುದಿಲ್ಲವಲ್ಲ. ಪ್ರಾಣಿ ಮಾದರಿ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನೇ.

ಸ್ವಿಚ್ ಸಿಕ್ಕಿತು

ಇಂಟ್ರಾನಿನಲ್ಲಿ ಸ್ವಿಚ್ ಇದೆ ಅಂತ ಗೊತ್ತಾಯಿತು, ನಿಖರವಾಗಿ ಎಲ್ಲಿ? ಇಲ್ಲಿ ಅವರಿಗೆ ನೆರವಾದದ್ದು ಮೀನು. ಮನುಷ್ಯ, ಇಲಿ, ಕೋಳಿ, ಮೀನು, ಈ ನಾಲ್ಕರ ಡಿಎನ್‌ಎಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ಈ ಪ್ರಾಣಿಗಳಲ್ಲಿ, ಪ್ರೋಟೀನ್ ತಯಾರಿಸದ ಡಿಎನ್‌ಎ ಸಾಮಾನ್ಯವಾಗಿ ಗುರುತು ಸಿಗದಷ್ಟು ಬದಲಾಗಿರುತ್ತದೆ. 5ನೇ ಇಂಟ್ರಾನಿನಲ್ಲಿ ಸುಮಾರು 800 ಅಕ್ಷರಗಳ ಒಂದು ತುಂಡು ಮಾತ್ರ ಎಲ್ಲದರಲ್ಲೂ ಉಳಿದುಕೊಂಡಿತ್ತು. ಅಷ್ಟು ಕಾಲ ಉಳಿದಿದೆ ಅಂದರೆ ಅದಕ್ಕೇನೋ ಕೆಲಸ ಇರಲೇಬೇಕು. ಇದಕ್ಕೆ ಜೆಡ್‌ಆರ್‌ಎಸ್ ಅಂತ ಹೆಸರಾಯಿತು.

2003ರಲ್ಲಿ ಎರಡು ಸಾಕ್ಷಿಗಳನ್ನು ಮುಂದಿಟ್ಟರು. ಜೆಡ್‌ಆರ್‌ಎಸ್ ತುಂಡಿಗೆ ಬಣ್ಣ ಕೊಡುವ ಜೀನ್ ಜೋಡಿಸಿ ಇಲಿ ಭ್ರೂಣಕ್ಕೆ ಹಾಕಿದಾಗ, ಕೈಕಾಲು ಮೊಗ್ಗಿನ ಕಿರುಬೆರಳಿನ ಅಂಚಿನಲ್ಲಿ ಬಣ್ಣ ಮೂಡಿತು, ಸಾನಿಕ್ ಮೂಡುವ ಜಾಗದಲ್ಲೇ. ಇನ್ನೊಂದು, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಮತ್ತು ಕ್ಯೂಬಾ ಮೂಲದ ಕುಟುಂಬಗಳಲ್ಲಿ ಈ 800 ಅಕ್ಷರಗಳೊಳಗೆ ತಲಾ ಒಂದು ಅಕ್ಷರ ಬದಲಾಗಿತ್ತು. ಹೆಮಿಮೆಲಿಕ್ ಎಕ್ಸ್‌ಟ್ರಾ ಟೋಸ್ ಇಲಿಯಲ್ಲೂ ಹಾಗೆಯೇ. ಎಲ್‌ಎಂಬಿಆರ್1 ಮೇಲೆ ಅನುಮಾನ ಹುಟ್ಟಿಸಿದ್ದ ಇಲಿಯೇ ಈಗ ಅದರ ಪರ ಸಾಕ್ಷಿ ಹೇಳಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಅಕ್ಷರ ಬದಲಾದರೆ ಸಾನಿಕ್ ಬೇಡದ ಜಾಗದಲ್ಲಿ ಹೊತ್ತಿಕೊಳ್ಳುತ್ತದೆ, ಸರಿ. ಆದರೆ ಬೇಕಾದ ಜಾಗದಲ್ಲಿ ಹೊತ್ತಿಸುವುದೂ ಇದೇ ಸ್ವಿಚ್ಚೇ? ಜಪಾನಿನ ಮಿಶಿಮಾದ ರಾಷ್ಟ್ರೀಯ ತಳಿಶಾಸ್ತ್ರ ಸಂಸ್ಥೆಯಲ್ಲಿ ಸಾಗಾಯ್ ಮತ್ತು ಶಿರೋಯಿಶಿ ಅವರ ತಂಡ 2005ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಇಲಿಯಲ್ಲಿ ಆ ಸ್ವಿಚ್ಚನ್ನಷ್ಟೇ ಕತ್ತರಿಸಿ ತೆಗೆದರು. ಸಾನಿಕ್ ಜೀನನ್ನು ಮುಟ್ಟಲೇ ಇಲ್ಲ. ಎರಡೂ ಪ್ರತಿಯಲ್ಲಿ ಸ್ವಿಚ್ ಕಳೆದುಕೊಂಡ ಮರಿಗಳ ಕೈಕಾಲು ಮೊಟಕಾದವು, ತುದಿಯ ಭಾಗ ಸರಿಯಾಗಿ ಬೆಳೆಯಲಿಲ್ಲ. ಆದರೆ ಅವುಗಳ ಮಿದುಳು, ಮುಖ, ಬೆನ್ನು ಎಲ್ಲ ಸರಿಯಾಗಿತ್ತು, ಮರಿಗಳು ಬದುಕಿದವು. ಮೊದಲು ಹೇಳಿದ ಒಂಟಿಕಣ್ಣಿನ ಮರಿಗಳ ಜೊತೆ ಇವನ್ನು ಹೋಲಿಸಿ ನೋಡಿ. ಸಾನಿಕ್‌ಗೆ ಮಿದುಳಿನಲ್ಲಿ ಹೊತ್ತಿಕೊಳ್ಳಲು ಬೇರೆ ಸ್ವಿಚ್‌ಗಳಿವೆ. ಕೈಕಾಲಿಗೆ ಇರುವುದು ಇದೊಂದೇ.

ಬ್ರೆಜಿಲ್ ಕುಟುಂಬಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ತಡವಾಗಿ, 2021ರಲ್ಲಿ. ಅವರಲ್ಲಿ ಸ್ವಿಚ್ ಇರುವ ಜಾಗ ಹಾಗೇ ಇತ್ತು. ಕಳೆದುಹೋದ ತುಂಡಿನಲ್ಲಿ ಸಿಟಿಸಿಎಫ್ ಅನ್ನುವ ಪ್ರೋಟೀನ್ ಬಂದು ಕೂರುವ ಜಾಗಗಳಿದ್ದವು. ಡಿಎನ್‌ಎ ಮಡಿಚಿಕೊಂಡು ದೂರದ ಸ್ವಿಚ್ ಮತ್ತು ಜೀನ್ ಹತ್ತಿರ ಬರುವುದಕ್ಕೆ ಆ ಪ್ರೋಟೀನಿನ ನೆರವು ಬೇಕು. ಸ್ವಿಚ್ ಇತ್ತು, ಜೀನ್ ಇತ್ತು, ಎರಡರ ನಂಟು ತಪ್ಪಿತ್ತು. ಇಲ್ಲೂ ಎಲ್‌ಎಂಬಿಆರ್1ರ ತಪ್ಪೇನೂ ಇರಲಿಲ್ಲ.

ಬೆಕ್ಕು, ಹಾವು ಮತ್ತು 17 ಅಕ್ಷರ

ಈ ಸ್ವಿಚ್ ಗೊತ್ತಾದ ಮೇಲೆ ಎಲ್ಲೆಲ್ಲೋ ಅದರ ಕೈವಾಡ ಕಾಣಿಸತೊಡಗಿತು. ಅಮೆರಿಕದ ಫ್ಲೋರಿಡಾದ ಕೀ ವೆಸ್ಟ್ ದ್ವೀಪದಲ್ಲಿ ಹೆಚ್ಚು ಬೆರಳಿನ ಬೆಕ್ಕುಗಳ ಪ್ರಸಿದ್ಧ ಸಂತಾನವಿದೆ, ಪ್ರವಾಸಿಗರು ನೋಡಲು ಹೋಗುತ್ತಾರೆ. ಅವುಗಳ ಜೆಡ್‌ಆರ್‌ಎಸ್‌ನಲ್ಲಿ ಒಂದಕ್ಷರ ಬದಲಾಗಿರುವುದು 2008ರಲ್ಲಿ ತಿಳಿಯಿತು. ಬ್ರಿಟನ್ನಿನ ಅಂಥ ಬೆಕ್ಕುಗಳಲ್ಲಿ ಅದೇ ಸ್ವಿಚ್ಚಿನ ಬೇರೆ ಅಕ್ಷರಗಳು ಬದಲಾಗಿದ್ದವು. ರೇಷ್ಮೆಯಂಥ ಪುಕ್ಕದ ಸಿಲ್ಕಿ ಕೋಳಿಗೆ ನಾಲ್ಕರ ಬದಲು ಐದು ಕಾಲ್ಬೆರಳು. ಅಲ್ಲೂ ಜೆಡ್‌ಆರ್‌ಎಸ್.

ಹಾವಿನ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ತಂಡವೊಂದು 2016ರಲ್ಲಿ ಇಲಿಯ ಜೆಡ್‌ಆರ್‌ಎಸ್ ತೆಗೆದು, ಅದರ ಜಾಗದಲ್ಲಿ ಬೇರೆ ಪ್ರಾಣಿಗಳದ್ದನ್ನು ಕೂರಿಸಿತು. ಮನುಷ್ಯನದ್ದು ಕೂರಿಸಿದರೆ ಇಲಿಗೆ ಸರಿಯಾದ ಕೈಕಾಲು ಬಂತು. ಮೀನಿನದ್ದು ಕೂರಿಸಿದಾಗಲೂ ಬಂತು. ಹೆಬ್ಬಾವು ಅಥವಾ ಕಾಳಿಂಗ ಸರ್ಪದ್ದು ಕೂರಿಸಿದರೆ ಕೈಕಾಲು ಮೊಟಕಾದವು. ಹಾವುಗಳ ಜೆಡ್‌ಆರ್‌ಎಸ್‌ನಲ್ಲಿ 17 ಅಕ್ಷರಗಳು ಕಳೆದುಹೋಗಿವೆ. ಆ ಜಾಗ ಇಟಿಎಸ್ ಅನ್ನುವ ಪ್ರೋಟೀನುಗಳು ಬಂದು ಹಿಡಿದುಕೊಳ್ಳುವ ಜಾಗ. ಆ 17 ಅಕ್ಷರಗಳನ್ನು ಹೆಬ್ಬಾವಿನ ಸ್ವಿಚ್‌ಗೆ ಮರಳಿ ಸೇರಿಸಿ ಇಲಿಗೆ ಹಾಕಿದಾಗ ಕೈಕಾಲು ಮತ್ತೆ ಬಂದವು. ಹಾಗಂತ ಹಾವು ಕಾಲು ಕಳೆದುಕೊಂಡದ್ದು ಈ 17 ಅಕ್ಷರದಿಂದಲೇ ಅಂತ ಹೇಳಿಬಿಡಲಾಗದು. ಕಾಲು ಹೋದ ಮೇಲೆ ಬಳಕೆಯಿಲ್ಲದ ಸ್ವಿಚ್ ಸವೆದಿರಲೂಬಹುದು. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎಚ್ಚರ ಕಾಣುವುದು ಕಡಿಮೆ.

ಇದರಿಂದ ಆಸ್ಪತ್ರೆಯಲ್ಲಿ ಏನು ಬದಲಾಗುತ್ತದೆ

ಮೊದಲನೆಯದು ಪರೀಕ್ಷೆಯ ವಿಷಯ. ಈಗ ಬೆಂಗಳೂರು, ಮೈಸೂರಿನಂಥ ಊರುಗಳಲ್ಲೂ ವೈದ್ಯರು ಎಕ್ಸೋಮ್ ಪರೀಕ್ಷೆ ಬರೆದುಕೊಡುವುದು ಮಾಮೂಲಾಗಿದೆ. ಈ ಪರೀಕ್ಷೆ ಮುಖ್ಯವಾಗಿ ಓದುವುದು ಪ್ರೋಟೀನ್ ತಯಾರಿಸುವ ಭಾಗಗಳನ್ನು. ಜೆಡ್‌ಆರ್‌ಎಸ್ ಇರುವುದು ಇಂಟ್ರಾನಿನ ಒಳಗೆ. ಅದನ್ನು ಪ್ರತ್ಯೇಕವಾಗಿ ಸೇರಿಸಿಲ್ಲದಿದ್ದರೆ ವರದಿಯಲ್ಲಿ ‘ಏನೂ ಸಿಗಲಿಲ್ಲ’ ಅಂತ ಬರುತ್ತದೆ, ಮನೆಯವರು ‘ಇದು ವಂಶದ್ದಲ್ಲ’ ಅಂತ ಓದಿಕೊಳ್ಳುತ್ತಾರೆ. ಅಜ್ಜಿಗೂ ತಾಯಿಗೂ ಮಗುವಿಗೂ ಹೆಬ್ಬೆರಳಿನ ತೊಂದರೆ ಇರುವ ಕುಟುಂಬದಲ್ಲಿ ಇಂಥ ವರದಿ ಬಂದರೆ, ಈ ತುಂಡನ್ನು ಓದಿದ್ದೀರಾ ಅಂತ ನೇರವಾಗಿ ಕೇಳಬೇಕು. ಅಕ್ಷರ ಬದಲಾಗದೆ ಇಡೀ ಸ್ವಿಚ್ ಇಮ್ಮಡಿಯಾಗಿರುವುದೂ ಉಂಟು. ಆಗ ಬೆರಳುಗಳು ಹೆಚ್ಚುವುದರ ಜೊತೆಗೆ ಅಂಟಿಕೊಂಡಿರುವ ಸ್ಥಿತಿಯೂ ಬರುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಓದುವ ಪರೀಕ್ಷೆಗೆ ಅದು ಕಣ್ತಪ್ಪಬಹುದು, ಪ್ರತಿಗಳನ್ನು ಎಣಿಸುವ ಪರೀಕ್ಷೆ ಬೇಕಾಗುತ್ತದೆ.

ಎರಡನೆಯದು ಸೋದರಮಾವನ ಮಾತು. ಜೆಡ್‌ಆರ್‌ಎಸ್‌ನ ಅಕ್ಷರ ಬದಲಾವಣೆಗೆ ಒಂದು ಪ್ರತಿ ಸಾಕು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಅದಕ್ಕೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ. ಬ್ರೆಜಿಲ್‌ನ ಕೈಪಾದಗಳಿಲ್ಲದ ಸ್ಥಿತಿಗೆ ಮಾತ್ರ ಎರಡೂ ಪ್ರತಿ ಕೆಡಬೇಕು, ಅಲ್ಲಿ ಹತ್ತಿರದ ಮದುವೆಯ ಪ್ರಶ್ನೆ ಬರುತ್ತದೆ. ಎರಡೂ ಒಂದೇ ಜೀನಿನ ನಿಯಂತ್ರಣದ ಗೊಂದಲಗಳೇ. ಆದರೆ ಮನೆಯವರಿಗೆ ಹೇಳಬೇಕಾದ ಮಾತು ಪೂರಾ ಬೇರೆ.

ಮೂರನೆಯದು ತೀವ್ರತೆ. ಒಂದೇ ಕುಟುಂಬದಲ್ಲಿ, ಒಂದೇ ಅಕ್ಷರ ಬದಲಾಗಿದ್ದರೂ, ಒಬ್ಬರಿಗೆ ಮೂರು ಗೆಣ್ಣಿನ ಹೆಬ್ಬೆರಳು, ಇನ್ನೊಬ್ಬರಿಗೆ ಜೋಡಿ ಬೆರಳು. ಆದರೆ ಕೆಲವು ಅಕ್ಷರಗಳ ವಿಷಯದಲ್ಲಿ ಜಾಗವೇ ಮುಖ್ಯ. ಈ ತುಂಡಿನ 404ನೇ ಅಕ್ಷರ ಬದಲಾದರೆ ಮೊಣಕಾಲಿನ ಕೆಳಗಿನ ಮುಂದಿನ ಮೂಳೆಯೂ ಸರಿಯಾಗಿ ಬೆಳೆಯದೆ ಇರಬಹುದು. ಹಾಗಾಗಿ ‘ಜೆಡ್‌ಆರ್‌ಎಸ್‌ನಲ್ಲಿ ಬದಲಾವಣೆ ಇದೆ’ ಅಂತ ಹೇಳಿದರೆ ಸಾಲದು, ಯಾವ ಅಕ್ಷರ ಅಂತ ಹೇಳಬೇಕು. ಜೊತೆಗೆ, ಇಲ್ಲಿ ಅಕ್ಷರ ಬದಲಾದ ಮಾತ್ರಕ್ಕೆ ಅದೇ ಕಾರಣ ಅನ್ನುವಂತಿಲ್ಲ. ಈ ತುಂಡಿನ ಎಷ್ಟೋ ಬದಲಾವಣೆಗಳನ್ನು ಇಲಿ ಭ್ರೂಣದಲ್ಲಿ ಒಂದೊಂದಾಗಿ ಹಾಕಿ ನೋಡಿದಾಗ ಕೆಲವು ಏನೂ ಮಾಡಲಿಲ್ಲ. ಎಲ್‌ಎಂಬಿಆರ್1 ಮೇಲೆ ಬಿದ್ದ ಅನುಮಾನದ ಸಣ್ಣ ರೂಪ ಇದು. ಜಾಗದಲ್ಲಿ ಸಿಕ್ಕಿಬಿದ್ದವರೆಲ್ಲ ಕಳ್ಳರಲ್ಲ.

ಇದೇ ತರ್ಕ ಚಿಕಿತ್ಸೆಯಾಗಿ ತಿರುಗಿದ್ದು ಬೆರಳಿನಲ್ಲಲ್ಲ, ರಕ್ತದಲ್ಲಿ. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಕಾಣುವ, ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆಗೆ ಒಂದು ಪರಿಹಾರ, ಮಗು ಹೊಟ್ಟೆಯಲ್ಲಿರುವಾಗ ಇರುವ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುವುದು. ಅದನ್ನು ತಡೆದು ಕೂತಿರುವುದು ಬಿಸಿಎಲ್11ಎ ಅನ್ನುವ ಜೀನ್. ಇದನ್ನು ಇಡೀ ದೇಹದಲ್ಲಿ ಕೆಡಿಸಿದ ಇಲಿಗಳು ಬದುಕುವುದಿಲ್ಲ. ಕೆಂಪು ರಕ್ತಕಣದ ದಾರಿಯಲ್ಲಿ ಮಾತ್ರ ಕೆಡಿಸಿದಾಗ, 2011ರಲ್ಲಿ, ಸಿಕಲ್ ಸೆಲ್ ಇಲಿಗಳು ಚೇತರಿಸಿಕೊಂಡವು. ಎರಡು ವರ್ಷಕ್ಕೆ ಆ ಜೀನಿಗೆ ಕೆಂಪು ರಕ್ತಕಣದಲ್ಲಷ್ಟೇ ಬೇಕಾಗುವ ಸ್ವಿಚ್ ಪತ್ತೆಯಾಯಿತು. 2023ರ ಕೊನೆಗೆ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಚಿಕಿತ್ಸೆ ಕತ್ತರಿ ಹಾಕುವುದು ಆ ಸ್ವಿಚ್‌ಗೇ. ಬೆಲೆ ಮಾತ್ರ ನಮ್ಮ ಹಾಡಿಗಳಿಗೆ ಎಟುಕುವಂಥದ್ದಲ್ಲ.

ತೀರಾ ಈಚಿನದು

ಸ್ವಿಚ್‌ನ ಒಂದಕ್ಷರ ಬದಲಾದರೆ ಅಷ್ಟು ದೊಡ್ಡ ಪರಿಣಾಮ ಯಾಕೆ ಅನ್ನುವುದಕ್ಕೆ ಒಳ್ಳೆಯ ಉತ್ತರ ಬಂದದ್ದು 2024ರಲ್ಲಿ, ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮ್ಮಾ ಫಾರ್ಲಿ ಅವರ ತಂಡದಿಂದ. ಹಾವಿನ ಪ್ರಯೋಗದಲ್ಲಿ ಬಂದ ಇಟಿಎಸ್ ಪ್ರೋಟೀನುಗಳು ನೆನಪಿವೆಯಲ್ಲ? ಮನುಷ್ಯನ ಜೆಡ್‌ಆರ್‌ಎಸ್‌ನಲ್ಲಿ ಅವು ಹಿಡಿದುಕೊಳ್ಳುವ ಕೆಲವು ಜಾಗಗಳ ಹಿಡಿತ ಬಹಳ ಸಡಿಲ. ಸಡಿಲ ಇರುವುದು ದೋಷವಲ್ಲ, ಅದೇ ಬೇಕಾದದ್ದು. ಹಿಡಿತ ಸಡಿಲವಿದ್ದರೆ ಸ್ವಿಚ್ ಕಿರುಬೆರಳಿನ ಕಡೆ, ಉಳಿದ ನೆರವೆಲ್ಲ ಇರುವಲ್ಲಿ ಮಾತ್ರ ಹೊತ್ತಿಕೊಳ್ಳುತ್ತದೆ. ಹಿಡಿತ ತುಸು ಬಿಗಿಯಾದರೂ ಹೆಬ್ಬೆರಳಿನ ಕಡೆಯೂ ಹೊತ್ತಿಕೊಂಡುಬಿಡುತ್ತದೆ.

ಪರೀಕ್ಷೆಗೆ ಅವರು ತೆಗೆದುಕೊಂಡದ್ದು ಎರಡು ಕುಟುಂಬಗಳಲ್ಲಿ ಮೊದಲೇ ಕಂಡಿದ್ದ ಬದಲಾವಣೆಗಳನ್ನು. ಒಂದು ಫ್ರಾನ್ಸಿನದು, ಇನ್ನೊಂದು ಭಾರತದ್ದು. ಎರಡು ಕುಟುಂಬಗಳಲ್ಲಿ ಬದಲಾದ ಅಕ್ಷರ ಬೇರೆ ಬೇರೆ. ಆದರೆ ಎರಡೂ ಒಂದೇ ಇಟಿಎಸ್ ಜಾಗದ ಹಿಡಿತವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಗಿ ಮಾಡಿದ್ದವು. ಇಲಿಗಳಿಗೆ ಹಾಕಿದಾಗ ಎರಡರಿಂದಲೂ ಒಂದೇ ಥರದ ಹೆಚ್ಚಿನ ಬೆರಳು ಬಂದವು. ಆಮೇಲೆ ಯಾವ ಕುಟುಂಬದಲ್ಲೂ ಕಾಣದ, ತಾವೇ ಲೆಕ್ಕ ಹಾಕಿ ಬರೆದ ಬದಲಾವಣೆಯೊಂದರಿಂದ ಹಿಡಿತವನ್ನು ಇನ್ನೂ ಬಿಗಿ ಮಾಡಿದರು. ಆ ಇಲಿಗಳ ಕೈಕಾಲಿನ ತೊಂದರೆ ಇನ್ನೂ ತೀವ್ರವಾಗಿತ್ತು.